ಪೈಪಿನೊಳಗೆ ಕಂಡದ್ದು ಎಷ್ಟು ನಿಜ?

ಕುದುರೆಮುಖದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಕಬ್ಬಿಣದ ಅದಿರು ಲಾರಿ ಹತ್ತಿ ಘಾಟಿ ಇಳಿಯುತ್ತಿರಲಿಲ್ಲ. ನುಣ್ಣಗೆ ಅರೆದ ಅದಿರಿಗೆ ನೀರು ಬೆರೆಸಿ, ಆ ರಾಡಿಯನ್ನು ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿನ ತನಕ ಹರಿಸುತ್ತಿದ್ದರು. 2005ರ ಕೊನೆಗೆ ಗಣಿ ನಿಂತಿತು, ಅದು ಬೇರೆ ಕತೆ. ಇಂಥ ಪೈಪುಗಳನ್ನು ನೋಡಿಕೊಳ್ಳುವವರ ತಲೆನೋವು ಮಾತ್ರ ಎಲ್ಲ ಊರಲ್ಲೂ ಒಂದೇ. ವೇಗ ಇಳಿದರೆ ಅದಿರು ತಳಕ್ಕೆ ಕೂರುತ್ತದೆ. ಕೂತದ್ದು ಗಟ್ಟಿಯಾದರೆ ಪೈಪು ಕಟ್ಟಿಕೊಳ್ಳುತ್ತದೆ. ಹೆದರಿ ವೇಗ ಏರಿಸಿದರೆ ಪೈಪಿನ ಗೋಡೆ ಸವೆಯುತ್ತದೆ, ಪಂಪಿನ ಕರೆಂಟು ಬಿಲ್ಲು ಏರುತ್ತದೆ. ಒಳಗೆ ಏನಾಗುತ್ತಿದೆ ಎಂದು ಇಣುಕೋಣವೆಂದರೆ ಉಕ್ಕಿನ ಗೋಡೆಗೆ ಕಿಟಕಿಯಿಲ್ಲ.

ಆ ಕಿಟಕಿಯನ್ನು ಕೊಡುತ್ತೇನೆ ಎನ್ನುವ ತಂತ್ರವೇ ಎಲೆಕ್ಟ್ರಿಕಲ್ ರೆಸಿಸ್ಟೆನ್ಸ್ ಟೊಮೊಗ್ರಫಿ, ಚಿಕ್ಕದಾಗಿ ಇಆರ್‌ಟಿ. ಪೈಪಿನ ಒಳಮೈ ಸುತ್ತ ಬಳೆಯ ಹಾಗೆ ಲೋಹದ ಎಲೆಕ್ಟ್ರೋಡುಗಳನ್ನು ಕೂರಿಸುತ್ತಾರೆ. ಎರಡರ ನಡುವೆ ಸಣ್ಣ ಕರೆಂಟು ಬಿಟ್ಟು, ಉಳಿದವುಗಳ ನಡುವೆ ವೋಲ್ಟೇಜು ಅಳೆಯುತ್ತಾರೆ. ನೀರು ವಿದ್ಯುತ್ ಹರಿಸುತ್ತದೆ. ಮರಳು, ಗಾಳಿ, ಎಣ್ಣೆ ಹರಿಸುವುದಿಲ್ಲ. ಈ ವ್ಯತ್ಯಾಸದಿಂದ ಒಳಗಿನ ಅಡ್ಡಕೊಯ್ತದ ಚಿತ್ರವನ್ನು ಕಂಪ್ಯೂಟರು ಕಟ್ಟುತ್ತದೆ. ವಿಕಿರಣದ ಗೊಡವೆಯಿಲ್ಲ. ಗಾಮಾ ಕಿರಣದ ಸಾಂದ್ರತಾ ಮಾಪಕ ಹಾಕಿದರೆ ಬೇಕಾಗುವ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದಕ್ಕೆ ಬೇಡ. ಸೆಕೆಂಡಿಗೆ ನೂರಾರು ಚಿತ್ರ ತೆಗೆಯಬಹುದು. ಕೊರತೆ ಒಂದೇ: ಚಿತ್ರ ಮಸುಕು. ಪೈಪಿನ ವ್ಯಾಸದ ಶೇ. 5ರಿಂದ 10ರಷ್ಟು ಗಾತ್ರಕ್ಕಿಂತ ಚಿಕ್ಕದು ಇದಕ್ಕೆ ಸರಿಯಾಗಿ ಕಾಣುವುದಿಲ್ಲ.

ಆ ಮಸುಕನ್ನು ತೊಡೆಯುವ ಪೈಪೋಟಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದಿದೆ. ಈಗ ಕೃತಕ ಬುದ್ಧಿಮತ್ತೆ ಬಂದ ಮೇಲಂತೂ ‘ಚಿತ್ರದ ನಿಖರತೆ ಹೆಚ್ಚಿಸಿದ್ದೇವೆ’ ಎನ್ನುವ ಪ್ರಬಂಧಗಳು ಒಂದರ ಹಿಂದೆ ಒಂದು ಬರುತ್ತಿವೆ. ಅವುಗಳಲ್ಲಿ ಅಚ್ಚಾಗುವ ಚಿತ್ರಗಳು ನಿಜಕ್ಕೂ ಚೆಂದ, ಅಂಚುಗಳು ಕತ್ತಿಯಲ್ಲಿ ಕೊಯ್ದ ಹಾಗೆ. ನನ್ನ ತಕರಾರು ಅಲ್ಲಿಂದಲೇ ಶುರು. ಚಿತ್ರ ಚೂಪಾಗುವುದು ಬೇರೆ, ನಿಜವಾಗುವುದು ಬೇರೆ. ನಿಜವಾಗಿಸುವ ಕೆಲಸದ ಮುಕ್ಕಾಲು ಪಾಲು ನಡೆಯುವುದು ಕಂಪ್ಯೂಟರಿನಲ್ಲಲ್ಲ, ಎಲೆಕ್ಟ್ರೋಡು ನೀರಿಗೆ ತಾಗುವ ಜಾಗದಲ್ಲಿ.

ಇದನ್ನು ತಿಳಿಯಲು ದೊಡ್ಡ ಲ್ಯಾಬು ಬೇಡ, ಒಂದು ಪ್ಲಾಸ್ಟಿಕ್ ಬಕೆಟ್ಟು ಸಾಕು. ಸುತ್ತಲೂ ಸಮನಾದ ಅಂತರದಲ್ಲಿ 16 ತೂತು ಕೊರೆದು ಸ್ಟೀಲ್ ಬೋಲ್ಟು ಬಿಗಿಯಿರಿ. ನಲ್ಲಿ ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ. 1 ಮತ್ತು 2ನೇ ಬೋಲ್ಟಿಗೆ ಕರೆಂಟು ಕೊಟ್ಟರೆ, ಅವೆರಡನ್ನು ಬಿಟ್ಟು ಪಕ್ಕಪಕ್ಕದ 13 ಜೋಡಿಗಳಲ್ಲಿ ವೋಲ್ಟೇಜು ಅಳೆಯಬಹುದು. ಆಮೇಲೆ 2 ಮತ್ತು 3, ಹೀಗೆ ಪೂರ್ತಿ ಸುತ್ತು ಬಂದರೆ 16ರ 13 ಪಟ್ಟು, 208 ಅಳತೆ. ಆದರೆ ಕರೆಂಟಿನ ಜೋಡಿಯನ್ನೂ ವೋಲ್ಟೇಜಿನ ಜೋಡಿಯನ್ನೂ ಅದಲುಬದಲು ಮಾಡಿದರೆ ಉತ್ತರ ಅದೇ ಬರಬೇಕು. ಭೌತಶಾಸ್ತ್ರದ ನಿಯಮ ಅದು. ಹಾಗಾಗಿ ಹೊಸ ಮಾಹಿತಿ ಅರ್ಧ ಮಾತ್ರ, 104. ಇತ್ತ ಪರದೆಯ ಮೇಲೆ 20 ಗುಣಿಸು 20 ಚೌಕದ ಜಾಲರಿ ಹಾಕಿ ವೃತ್ತದ ಆಚೆಗಿನ ಮೂಲೆಗಳನ್ನು ಕಳೆದರೆ 316 ಪಿಕ್ಸೆಲ್ ಉಳಿಯುತ್ತವೆ. 104 ಸಮೀಕರಣ, 316 ಅಜ್ಞಾತಗಳು. ಪಿಯುಸಿಯಲ್ಲಿ ಗಣಿತ ಓದಿದ ಯಾರಿಗಾದರೂ ಮುಂದಿನ ಪಾಡು ಗೊತ್ತಾಗುತ್ತದೆ.

ಎಲೆಕ್ಟ್ರೋಡು ಹೆಚ್ಚಿಸಿದರಾಯಿತಲ್ಲ? 32 ಹಾಕಿದರೆ ಇದೇ ಲೆಕ್ಕದಲ್ಲಿ 464 ಅಳತೆ ಸಿಗುತ್ತದೆ, ನಿಜ. ಆದರೆ ಕರೆಂಟು ಎಕ್ಸ್-ರೇ ಅಲ್ಲ. ಎಕ್ಸ್-ರೇ ಗೆರೆ ಎಳೆದಂತೆ ನೇರ ಹೋಗುತ್ತದೆ, ದಾರಿಯಲ್ಲಿ ಏನು ಸಿಕ್ಕಿತೆಂದು ಹೇಳುತ್ತದೆ. ಕರೆಂಟು ಗದ್ದೆಗೆ ಬಿಟ್ಟ ನೀರಿನ ಹಾಗೆ; ಎಲ್ಲ ಕಡೆ ಹರಡುತ್ತದೆ, ಒಂದು ಕಡೆ ಬದು ಕಟ್ಟಿದರೆ ಇಡೀ ಗದ್ದೆಯ ಹರಿವು ಬದಲಾಗುತ್ತದೆ. ಬಕೆಟ್ಟಿನಲ್ಲಿ ಪಕ್ಕಪಕ್ಕದ ಬೋಲ್ಟುಗಳ ನಡುವೆ ಬಿಟ್ಟ ಕರೆಂಟು ಬಹುಪಾಲು ಗೋಡೆಯ ಹತ್ತಿರವೇ ಸುತ್ತಿ ಮರಳುತ್ತದೆ. ನಡುಭಾಗಕ್ಕೆ ಹೋಗಿ ಬರುವುದು ಸ್ವಲ್ಪ. ಒಂದು ಪಿವಿಸಿ ಪೈಪಿನ ತುಂಡನ್ನು ಗೋಡೆಯ ಬಳಿ ಇಳಿಬಿಟ್ಟರೆ ಸಂವೇದಕ ಬೊಬ್ಬೆ ಹೊಡೆಯುತ್ತದೆ. ಅದೇ ತುಂಡನ್ನು ನಡುವಿಗೆ ತಂದರೆ ಪಿಸುಗುಡುತ್ತದೆ.

ಆ ಪಿಸುಮಾತು ಎಷ್ಟು ಸಣ್ಣದು ಎಂದು ಲೆಕ್ಕ ಹಾಕಿ ನೋಡೋಣ. ಬಕೆಟ್ಟಿನ ವ್ಯಾಸ 30 ಸೆಂಟಿಮೀಟರ್, ಪಿವಿಸಿ ತುಂಡಿನದು 3 ಸೆಂಟಿಮೀಟರ್, ತುಂಡು ನಟ್ಟನಡುವೆ ಇದೆ ಎಂದುಕೊಳ್ಳಿ. ಬೋಲ್ಟುಗಳನ್ನು ಬರಿಯ ಚುಕ್ಕಿಗಳೆಂದೂ ಬಕೆಟ್ಟನ್ನು ಚಪ್ಪಟೆ ವೃತ್ತವೆಂದೂ ಭಾವಿಸಿ ಕಾಗದದ ಮೇಲೆ ಗುಣಿಸಿದರೆ, ಕರೆಂಟು ಬಿಟ್ಟ ಜೋಡಿಗೆ ತೀರ ಹತ್ತಿರ ಇರುವ ಜೋಡಿಯ ವೋಲ್ಟೇಜು ಶೇ. 1ರಷ್ಟೂ ಅಲುಗುವುದಿಲ್ಲ. ಎದುರು ದಡದ ಜೋಡಿಯಲ್ಲಿ ಸುಮಾರು ಶೇ. 8ರ ಬದಲಾವಣೆ ಕಾಣುತ್ತದೆ, ಆದರೆ ಆ ಜೋಡಿಯ ವೋಲ್ಟೇಜೇ ಹತ್ತಿರದ್ದರ ಎಂಟನೇ ಒಂದು ಭಾಗ. ಈಗ ಬೋಲ್ಟಿನ ತೂತು ಕೊರೆಯುವಾಗ ನಿಮ್ಮ ಕೈ ಎರಡು ಮಿಲಿಮೀಟರ್ ಜಾರಿತೆನ್ನಿ. ಅದು ಕರೆಂಟಿನ ಜೋಡಿಯದೋ ಹತ್ತಿರದ ಜೋಡಿಯದೋ ಬೋಲ್ಟಾದರೆ, ಹತ್ತಿರದ ಜೋಡಿಯ ವೋಲ್ಟೇಜು ಅದರಿಂದಲೇ ಕಡಿಮೆಯೆಂದರೂ ಸುಮಾರು ಶೇ. 2ರಷ್ಟು ಬದಲಾಗುತ್ತದೆ. ನಾವು ಹುಡುಕುತ್ತಿರುವ ವಸ್ತುವಿನ ಸದ್ದಿಗಿಂತ ಬಡಗಿಯ ತಪ್ಪಿನ ಸದ್ದೇ ಅಲ್ಲಿ ಜೋರು. ಕಂಪ್ಯೂಟರಿಗೆ ಬಡಗಿಯ ತಪ್ಪು ಗೊತ್ತಿಲ್ಲ. ಅದು ಅಲ್ಲೊಂದು ವಸ್ತು ಇದೆಯೆಂದು ಚಿತ್ರ ಬರೆದುಬಿಡುತ್ತದೆ.

ಗಣಿತಜ್ಞರು ಈ ಸಂಕಟವನ್ನು ಬೇರೆ ದಾರಿಯಿಂದ ಮುಟ್ಟಿದ್ದರು. ಅರ್ಜೆಂಟೀನಾದ ಆಲ್ಬರ್ಟೊ ಕಾಲ್ಡೆರಾನ್ ದೊಡ್ಡ ಗಣಿತಜ್ಞ ಎನಿಸಿಕೊಳ್ಳುವ ಮೊದಲು 1940ರ ದಶಕದ ಕೊನೆಯಲ್ಲಿ ಆ ದೇಶದ ಸರ್ಕಾರಿ ತೈಲ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ನೆಲದ ಮೇಲೆ ಕರೆಂಟು ಬಿಟ್ಟು ನೆಲದೊಳಗಿನದನ್ನು ತಿಳಿಯಬಹುದೇ ಎಂಬ ಪ್ರಶ್ನೆ ಅವರಿಗೆ ಅಲ್ಲಿಯೇ ಹತ್ತಿತು. ನಮ್ಮೂರುಗಳಲ್ಲಿ ಬೋರ್‌ವೆಲ್ ಪಾಯಿಂಟು ನೋಡಲು ನಾಲ್ಕು ಗೂಟ ಹೊಡೆದು ರೆಸಿಸ್ಟಿವಿಟಿ ಮೀಟರು ಹಿಡಿಯುವವರು ಕೇಳುವುದೂ ಅದೇ ಪ್ರಶ್ನೆಯನ್ನೇ. ಕಾಲ್ಡೆರಾನ್ ಅದನ್ನು ಪ್ರಕಟಿಸಿದ್ದು ಮಾತ್ರ 1980ರಲ್ಲಿ. ಅಂಚಿನ ಅಳತೆಗಳೆಲ್ಲ ಪೂರ್ತಿ ನಿಖರವಾಗಿ ಗೊತ್ತಿದ್ದರೆ ಒಳಗಿನ ವಾಹಕತೆ, ಅಂದರೆ ವಿದ್ಯುತ್ ಹರಿಸುವ ಗುಣ, ಒಂದೇ ರೀತಿಯಲ್ಲಿ ನಿರ್ಧಾರವಾಗುತ್ತದೆಯೇ? ಮೂರು ಆಯಾಮದಲ್ಲಿ, ನಯವಾಗಿ ಬದಲಾಗುವ ವಾಹಕತೆಗೆ, ಹೌದು ಎಂದು 1987ರಲ್ಲಿ ಜಾನ್ ಸಿಲ್ವೆಸ್ಟರ್ ಮತ್ತು ಗುಂಥರ್ ಉಲ್‌ಮನ್ ಸಾಧಿಸಿದರು. ಎಲ್ಲರೂ ಖುಷಿಪಡುವಷ್ಟರಲ್ಲಿ, 1988ರಲ್ಲಿ, ಇಟಲಿಯ ಜೊವಾನಿ ಅಲೆಸ್ಸಾಂಡ್ರಿನಿ ತಣ್ಣೀರು ಎರಚಿದರು. ಅಳತೆಯ ದೋಷಕ್ಕೂ ಚಿತ್ರದ ದೋಷಕ್ಕೂ ಇರುವ ನಂಟು ಲಾಗರಿದಮ್ಮಿನದು ಎಂದು ಅವರ ಫಲಿತಾಂಶ ತೋರಿಸಿತು.

ಈ ಲಾಗರಿದಮ್ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಕ್ಷೇತ್ರದ ಹಣೆಬರಹ ಅದರಲ್ಲಿದೆ. ನಿಮ್ಮ ಉಪಕರಣ ಸಾವಿರಕ್ಕೆ ಒಂದರಷ್ಟು ತಪ್ಪು ಮಾಡುತ್ತದೆ, ಅದರಿಂದ ಒಂದು ಮಟ್ಟದ ಚಿತ್ರ ಬರುತ್ತದೆ ಎನ್ನೋಣ. ಚಿತ್ರದ ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ ಉಪಕರಣದ ತಪ್ಪನ್ನು ಅರ್ಧಕ್ಕೆ ಇಳಿಸಿದರೆ ಸಾಲದು. ಹತ್ತು ಲಕ್ಷಕ್ಕೆ ಒಂದಕ್ಕೆ ಇಳಿಸಬೇಕಾಗಬಹುದು. ಅಂಥ ವೋಲ್ಟ್‌ಮೀಟರನ್ನು ಹರಿಯುವ ರಾಡಿಗೆ ತಾಗಿಸಿ ಇಟ್ಟುಕೊಳ್ಳುವುದು ಯಾರಿಂದಲೂ ಆಗದ ಮಾತು. ಹಾಗಾಗಿ ‘ನಮ್ಮ ಹೊಸ ಅಲ್ಗಾರಿದಮ್ ವಿವರವನ್ನು ಹತ್ತು ಪಟ್ಟು ಹೆಚ್ಚಿಸಿತು’ ಎಂದು ಯಾರಾದರೂ ಹೇಳಿದರೆ, ಆ ವಿವರ ಅಳತೆಯಿಂದ ಬಂದದ್ದಲ್ಲ, ಬೇರೆಲ್ಲಿಂದಲೋ ಬಂದದ್ದು ಎಂದು ತಿಳಿಯಬೇಕು. ಎಲ್ಲಿಂದ ಎನ್ನುವುದನ್ನು ಮುಂದೆ ನೋಡೋಣ.

ಉಪಕರಣದ ಚರಿತ್ರೆ ಚುಟುಕಾಗಿ: 1978ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೆಂಡರ್ಸನ್ ಮತ್ತು ವೆಬ್‌ಸ್ಟರ್ ಎದೆಗೂಡಿನ ಮೇಲೆ ಇಂಥ ಕ್ಯಾಮೆರಾ ಪ್ರಯತ್ನಿಸಿದರು. 1980ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬಾರ್ಬರ್ ಮತ್ತು ಬ್ರೌನ್ 16 ಎಲೆಕ್ಟ್ರೋಡಿನ ವ್ಯವಸ್ಥೆ ಕಟ್ಟಿದರು. 90ರ ದಶಕದಲ್ಲಿ ಮ್ಯಾಂಚೆಸ್ಟರಿನವರು ಅದನ್ನು ದೇಹದಿಂದ ಕಾರ್ಖಾನೆಯ ಪೈಪಿಗೆ ತಂದರು.

ಈಗ ಎಲೆಕ್ಟ್ರೋಡಿಗೆ ಬರೋಣ. ಲೋಹ ನೀರನ್ನು ಮುಟ್ಟುವಲ್ಲಿ ಒಂದು ತೆಳುಪದರ ಹುಟ್ಟುತ್ತದೆ, ಅದಕ್ಕೆ ತನ್ನದೇ ಆದ ರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, ಇರುತ್ತದೆ. ಎಣ್ಣೆಯ ಜಿಡ್ಡು, ಸುಣ್ಣದ ಪೊರೆ, ಪಾಚಿ ಸೇರಿದರೆ ಅದು ದಿನದಿನಕ್ಕೂ ಬದಲಾಗುತ್ತದೆ. ಕರೆಂಟು ಕೊಡುವ ಬೋಲ್ಟಿನಲ್ಲೇ ವೋಲ್ಟೇಜು ಅಳೆದರೆ ಈ ಪೊರೆಯ ರೋಧವೂ ಲೆಕ್ಕಕ್ಕೆ ನುಸುಳುತ್ತದೆ. ಕರೆಂಟಿನ ಜೋಡಿ ಬೇರೆ, ವೋಲ್ಟೇಜಿನ ಜೋಡಿ ಬೇರೆ ಇಡುವುದು ಅದಕ್ಕಾಗಿಯೇ. ನೇರ ಕರೆಂಟು ಬಿಡುವುದೂ ಇಲ್ಲ. ಬಿಟ್ಟರೆ ನೀರು ಒಡೆದು ಗುಳ್ಳೆ ಏಳುತ್ತದೆ, ಲೋಹ ಸವೆದುಹೋಗುತ್ತದೆ. ಆದ್ದರಿಂದ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟು.

ಗಾತ್ರದ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಕರೆಂಟು ಒಳಕ್ಕೆ ಚೆನ್ನಾಗಿ ಹರಡಲು ಎಲೆಕ್ಟ್ರೋಡು ಅಗಲವಾಗಿರಬೇಕು, ವೋಲ್ಟೇಜನ್ನು ಒಂದು ಬಿಂದುವಿನಲ್ಲಿ ಅಳೆಯಲು ಚಿಕ್ಕದಾಗಿರಬೇಕು. ಅಗಲದ ಲೋಹ ತನ್ನ ಉದ್ದಕ್ಕೂ ವೋಲ್ಟೇಜನ್ನು ಸಮ ಮಾಡಿಬಿಡುತ್ತದೆ; ಅಳೆಯಬೇಕಾದ ವ್ಯತ್ಯಾಸವನ್ನೇ ನುಂಗುತ್ತದೆ. ಕೆಲವರು ಹೊರಗಡೆ ಕರೆಂಟಿಗೆ ಒಂದು ಅಗಲ ಪಟ್ಟಿ, ನಡುವೆ ವೋಲ್ಟೇಜಿಗೆ ಒಂದು ಮೊಳೆ ಇರುವ ಜೋಡು ಎಲೆಕ್ಟ್ರೋಡು ಮಾಡಿದ್ದೂ ಉಂಟು. ಅದಕ್ಕಿಂತ ದೊಡ್ಡ ಹೆಜ್ಜೆ 1989ರಲ್ಲಿ ನ್ಯೂಯಾರ್ಕ್ ರಾಜ್ಯದ ರೆನ್ಸೆಲಿಯರ್ ಸಂಸ್ಥೆಯ ತಂಡದ್ದು. ಎಲೆಕ್ಟ್ರೋಡಿನ ಅಗಲವನ್ನೂ ಪೊರೆಯ ರೋಧವನ್ನೂ ಗಣಿತದ ಮಾದರಿಯೊಳಗೇ ಸೇರಿಸಿ, ಉಪ್ಪುನೀರಿನ ತೊಟ್ಟಿಯಲ್ಲಿ ಅಳೆದ ವೋಲ್ಟೇಜಿಗೆ ಲೆಕ್ಕದ ವೋಲ್ಟೇಜು ಸುಮಾರು ಶೇ. 0.1ರ ಒಳಗೆ ಹೊಂದುವಂತೆ ಮಾಡಿದರು. ಇದರಲ್ಲಿ ಹೊಸ ಚಿತ್ರವೇನೂ ಇರಲಿಲ್ಲ, ಮುಖಪುಟಕ್ಕೆ ಹಾಕುವಂಥದ್ದೇನೂ ಅಲ್ಲ. ಆದರೆ ಆಮೇಲೆ ಬಂದ ಒಳ್ಳೆಯ ಚಿತ್ರಗಳೆಲ್ಲ ಈ ಮಾದರಿಯ ಹೆಗಲ ಮೇಲೆ ನಿಂತಿವೆ. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇನ್‌ಸ್ಟ್ರುಮೆಂಟೇಶನ್ ವಿಭಾಗದವರು 2010ರ ಆಸುಪಾಸಿನಲ್ಲಿ ಎಲೆಕ್ಟ್ರೋಡಿನ ಆಕಾರ ಬದಲಿಸಿದರೆ ಅಂಚಿನ ಅಳತೆ ಹೇಗೆ ಬದಲಾಗುತ್ತದೆಂದು ತೊಟ್ಟಿಗಳಲ್ಲಿ ಪರೀಕ್ಷಿಸಿದ್ದಾರೆ. ಉಪ್ಪುನೀರು ಸಾಲದೆಂದು ಕೋಳಿಮಾಂಸವನ್ನೂ ತೊಟ್ಟಿಗೆ ತುಂಬಿ ನೋಡಿದ್ದಾರೆ. ಇಂಥ ಕೆಲಸಕ್ಕೆ ಚಪ್ಪಾಳೆ ಕಡಿಮೆ.

ಪೈಪು ಉಕ್ಕಿನದಾಗಿದ್ದರೆ ಇನ್ನೊಂದು ಕಾಟ. ಕರೆಂಟಿಗೆ ನೀರಿಗಿಂತ ಗೋಡೆಯೇ ಸಲೀಸು. ಅದಕ್ಕೆ ಸಂವೇದಕ ಇರುವ ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ, ಇಲ್ಲವೇ ಒಳಗೆ ರಬ್ಬರಿನ ಅಸ್ತರಿ ಹಾಕುತ್ತಾರೆ. ಕರೆಂಟು ಎಲೆಕ್ಟ್ರೋಡಿನ ಸಮತಲದಲ್ಲೇ ಹರಿಯುವುದೂ ಇಲ್ಲ. ಪೈಪಿನ ಉದ್ದಕ್ಕೂ ಮೇಲೆ ಕೆಳಗೆ ಹಬ್ಬುತ್ತದೆ. ಬಳೆಯಿಂದ ಗೇಣು ದೂರದಲ್ಲಿರುವ ಗುಳ್ಳೆಯೂ ಚಿತ್ರದೊಳಗೆ ಹೆಜ್ಜೆ ಇಡುತ್ತದೆ, ಅದೂ ತಪ್ಪು ಜಾಗದಲ್ಲಿ. ಚಪ್ಪಟೆ ಲೆಕ್ಕ ಬಿಟ್ಟು ಮೂರು ಆಯಾಮದ ಲೆಕ್ಕಕ್ಕೆ ಹೋದರೆ ಇದು ಸುಧಾರಿಸುತ್ತದೆ, ಕಂಪ್ಯೂಟರಿಗೆ ಕೆಲಸ ಹೆಚ್ಚುತ್ತದೆ. ಅಂದ ಹಾಗೆ, ಕುದುರೆಮುಖದ ಆ ಹಳೆಯ ಪೈಪಿಗೆ ಇಆರ್‌ಟಿ ಹಾಕಿದ್ದರೆ, ವಾಹಕತೆಯಿಂದ ಕಣಗಳ ಪಾಲನ್ನು ಲೆಕ್ಕಹಾಕುವ ಪಠ್ಯಪುಸ್ತಕದ ಸೂತ್ರ ಕೈಕೊಡುತ್ತಿತ್ತು. ಗಟ್ಟಿ ಕಣಗಳು ವಿದ್ಯುತ್ ಹರಿಸುವುದಿಲ್ಲ ಎಂದೇ ಆ ಸೂತ್ರ ನಂಬಿಕೊಂಡಿದೆ. ಅಲ್ಲಿನ ಅದಿರು ಮ್ಯಾಗ್ನಟೈಟ್, ಅದು ಸ್ವತಃ ವಾಹಕ.

ಬೋಲ್ಟಿನ ಸ್ಥಾನದ ತಪ್ಪನ್ನು ದಾಟಲು ಈ ಕ್ಷೇತ್ರದವರು ಕಂಡುಕೊಂಡ ಜಾಣತನವೆಂದರೆ ವ್ಯತ್ಯಾಸದ ಚಿತ್ರ. ಮೊದಲು ಬರಿ ನೀರಿನಲ್ಲಿ ಒಂದು ಸಲ ಅಳೆದು ರೆಫರೆನ್ಸ್ ಇಟ್ಟುಕೊಳ್ಳುವುದು, ಆಮೇಲಿನ ಅಳತೆಗಳನ್ನು ಅದರೊಂದಿಗೆ ಹೋಲಿಸುವುದು. ತಪ್ಪು ಎರಡರಲ್ಲೂ ಒಂದೇ ಆದ್ದರಿಂದ ಬಹುಪಾಲು ಕಳೆದುಹೋಗುತ್ತದೆ. ಆಸ್ಪತ್ರೆಯ ಐಸಿಯುಗಳಲ್ಲಿ ಎದೆಗೆ ಪಟ್ಟಿ ಕಟ್ಟಿ ವೆಂಟಿಲೇಟರಿನ ಗಾಳಿ ಶ್ವಾಸಕೋಶದ ಯಾವ ಭಾಗಕ್ಕೆ ಹೋಗುತ್ತಿದೆ ಎಂದು ತೋರಿಸುವ ಯಂತ್ರಗಳು ಬದುಕಿರುವುದು ಇದೇ ಉಪಾಯದಿಂದ. ಒಂದು ಉಸಿರಿಗೂ ಮುಂದಿನ ಉಸಿರಿಗೂ ನಡುವೆ ಕೆಲವೇ ಸೆಕೆಂಡು. ಅಷ್ಟರಲ್ಲಿ ರೆಫರೆನ್ಸ್ ಹಳಸುವುದಿಲ್ಲ.

ಕಾರ್ಖಾನೆಯಲ್ಲಿ ಹಳಸುತ್ತದೆ. ಮನೆಯ ಆರ್‌ಒ ನೀರಿನಲ್ಲಿ ಕರಗಿದ ಲವಣವನ್ನು ವಾಹಕತೆಯಿಂದ ಅಂದಾಜಿಸುವ ಟಿಡಿಎಸ್ ಪೆನ್ನಿನ ಡಬ್ಬಿಯ ಮೇಲೆ ತಾಪಮಾನಕ್ಕೆ ತಾನೇ ಸರಿಹೊಂದಿಸಿಕೊಳ್ಳುತ್ತದೆ ಎಂದು ಬರೆದಿರುತ್ತದಲ್ಲ, ಅದು ಸುಮ್ಮನೆ ಬರೆದದ್ದಲ್ಲ. ನೀರಿನ ವಾಹಕತೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 2ರಷ್ಟು ಏರುತ್ತದೆ. ಬೆಳಗ್ಗೆ ರೆಫರೆನ್ಸ್ ತೆಗೆದಿರಿ, ಮಧ್ಯಾಹ್ನದ ಹೊತ್ತಿಗೆ ನೀರು 5 ಡಿಗ್ರಿ ಬಿಸಿಯಾಯಿತು. ವಾಹಕತೆ ಶೇ. 10 ಏರಿತು. ಪೈಪಿನೊಳಗೆ ಗಾಳಿಗುಳ್ಳೆಗಳಿವೆ, ಅವುಗಳಿಂದ ವಾಹಕತೆ ನೀರಿನದರ ಶೇ. 80ಕ್ಕೆ ಇಳಿದಿದೆ ಎನ್ನೋಣ. ಮ್ಯಾಕ್ಸ್‌ವೆಲ್ 19ನೇ ಶತಮಾನದಲ್ಲಿ ಕೊಟ್ಟ ಸೂತ್ರದ ಪ್ರಕಾರ ಗಾಳಿಯ ಪಾಲು ಶೇ. 14 ಚಿಲ್ಲರೆ. ಆದರೆ ನಿಮ್ಮ ಯಂತ್ರ ಬೆಳಗಿನ ತಣ್ಣೀರಿಗೆ ಹೋಲಿಸಿ ವಾಹಕತೆ ಶೇ. 88 ಎಂದು ಓದುತ್ತದೆ, ಗಾಳಿ ಶೇ. 8 ಚಿಲ್ಲರೆ ಎಂದು ಹೇಳುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಗಾಳಿ ಮಾಯ! ಇದನ್ನು ಯಾವ ಅಲ್ಗಾರಿದಮ್ ಕೂಡ ಸರಿಮಾಡದು. ಪೈಪಿಗೆ ಸಿಕ್ಕಿಸಿದ ಒಂದು ಅಗ್ಗದ ಥರ್ಮಾಮೀಟರು ಸರಿಮಾಡುತ್ತದೆ.

ಹಾಗೆಂದು ಲೆಕ್ಕದ ಭಾಗ ದಂಡ ಎಂದಲ್ಲ. ಮೊದಮೊದಲು ಬಂದದ್ದು ಹಿಮ್ಮುಖ ಪ್ರಕ್ಷೇಪಣೆ, ಅಂದರೆ ಪ್ರತಿ ಅಳತೆಯ ಬದಲಾವಣೆಯನ್ನು ಅದು ಬಂದಿರಬಹುದಾದ ಜಾಗಗಳಿಗೆಲ್ಲ ಹಂಚಿಬಿಡುವುದು. ವೇಗ ಜಾಸ್ತಿ, ಮಸುಕೂ ಜಾಸ್ತಿ. ಆಮೇಲೆ ರಷ್ಯದ ಟಿಖೊನೊವ್ ಹೆಸರಿನ ವಿಧಾನ: 104 ಸಮೀಕರಣಕ್ಕೆ ಹೊಂದುವ ಲೆಕ್ಕವಿಲ್ಲದಷ್ಟು ಉತ್ತರಗಳಲ್ಲಿ ತೀರ ಏರಿಳಿತವಿಲ್ಲದ್ದನ್ನು ಆರಿಸು. ಏರಿಳಿತ ಬೇಡವೆಂದರೆ ಅಂಚುಗಳೂ ಕರಗುತ್ತವೆ. ಅಂಚು ಉಳಿಯಲಿ ಎನ್ನುವವರು ಟೋಟಲ್ ವೇರಿಯೇಶನ್ ಎಂಬ ಇನ್ನೊಂದು ಷರತ್ತು ಹಾಕಿದರು: ಒಟ್ಟು ಏರಿಳಿತ ಕಡಿಮೆಯಿರಲಿ, ಅಲ್ಲಲ್ಲಿ ಥಟ್ಟನೆ ಜಿಗಿದರೆ ಪರವಾಗಿಲ್ಲ. ಗಮನಿಸಿ, ಪ್ರತಿ ಸಲವೂ ಅಳತೆಯಲ್ಲಿ ಇಲ್ಲದ್ದನ್ನು ನಾವು ಹೊರಗಿನಿಂದ ಸೇರಿಸುತ್ತಿದ್ದೇವೆ. ಒಳಗಿನದು ನಯವಾಗಿದೆ ಎಂಬ ನಂಬಿಕೆ, ಅಥವಾ ತುಂಡುತುಂಡಾಗಿದೆ ಎಂಬ ನಂಬಿಕೆ. ಹೆಚ್ಚುವರಿ ವಿವರ ಎಲ್ಲಿಂದ ಬರುತ್ತದೆ ಎಂದು ಆಗ ಕೇಳಿದ್ದಕ್ಕೆ ಉತ್ತರ ಇದು. ತಪ್ಪೇನಿಲ್ಲ, ಯಾವ ನಂಬಿಕೆ ಎಂದು ಹೇಳಿಬಿಟ್ಟರೆ ಸಾಕು.

ಆ ನಂಬಿಕೆಯನ್ನು ಬಿಚ್ಚಿಟ್ಟು ಬಳಸಿದ ಒಂದು ಕೆಲಸ ನನಗೆ ಬಹಳ ಮೆಚ್ಚು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪಿಂಗಾಣಿ ಮಣ್ಣನ್ನು ಹೈಡ್ರೊಸೈಕ್ಲೋನ್ ಎಂಬ ಆಲಿಕೆಯಾಕಾರದ ಯಂತ್ರಗಳಲ್ಲಿ ಸುತ್ತಿಸಿ ಬೇರ್ಪಡಿಸುತ್ತಾರೆ. ಮಣ್ಣುನೀರು ಗಿರಗಿರ ತಿರುಗುವಾಗ ನಡುವೆ ಗಾಳಿಯ ಒಂದು ಕಂಬ ನಿಲ್ಲುತ್ತದೆ; ಅದರ ದಪ್ಪ ನೋಡಿ ಯಂತ್ರದ ಆರೋಗ್ಯ ಹೇಳಬಹುದು. 1990ರ ದಶಕದ ಕೊನೆಯಲ್ಲಿ ಅಲ್ಲಿ ಇಆರ್‌ಟಿ ಹಾಕಿದವರಿಗೆ 316 ಪಿಕ್ಸೆಲ್ಲಿನ ಚಿತ್ರ ಬೇಕಿರಲಿಲ್ಲ. ನಡುವೆ ಒಂದು ಗುಂಡನೆಯ ಕಂಬ ಇದೆ ಎಂದು ಮೊದಲೇ ಗೊತ್ತು. ಬೇಕಾದದ್ದು ಅದರ ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು ಎಂಬ ಮೂರು ಸಂಖ್ಯೆ. ಅಜ್ಞಾತ ಮೂರೇ ಆದರೆ 104 ಅಳತೆ ಬೇಕಾದಷ್ಟಾಯಿತು. ಬಡತನದ ಸಂಸಾರ ಇದ್ದಕ್ಕಿದ್ದಂತೆ ಸಿರಿವಂತವಾಯಿತು. ಪೈಪಿನ ತಳದಲ್ಲಿ ಕೂತ ಮರಳಿನ ಎತ್ತರಕ್ಕೂ ಇದೇ ಮಾತು: ಒಂದು ಸಂಖ್ಯೆ ಸಾಕು, ಬಣ್ಣದ ಚಿತ್ರ ಬೇಡ. ಕಾರ್ಖಾನೆಯ ಆಪರೇಟರು ಕೇಳುವುದೂ ಸಂಖ್ಯೆಯನ್ನೇ.

ಇನ್ನು ಈಚಿನ ಹೊಸ ಅಲೆ. ನ್ಯೂರಲ್ ನೆಟ್‌ವರ್ಕಿಗೆ ಸಾವಿರಾರು ಉದಾಹರಣೆ ತೋರಿಸಿ, ವೋಲ್ಟೇಜಿನಿಂದ ಚಿತ್ರ ಕಟ್ಟಲು ಕಲಿಸುವುದು. ಅಷ್ಟೊಂದು ಉದಾಹರಣೆಗಳನ್ನು ತೊಟ್ಟಿಯಲ್ಲಿ ಅಳೆದು ಕೂಡಿಸುವುದು ಕಷ್ಟ; ಹೆಚ್ಚಿನವು ಕಂಪ್ಯೂಟರಿನಲ್ಲೇ ಹುಟ್ಟಿದವು. ಇಲ್ಲಿ ಒಂದು ಹಳೆಯ ಪಾಪ ಹೊಸ ವೇಷದಲ್ಲಿ ಬರುತ್ತದೆ. ಈ ಕ್ಷೇತ್ರದವರು ಅದನ್ನು ‘ಇನ್‌ವರ್ಸ್ ಕ್ರೈಮ್’ ಎನ್ನುತ್ತಾರೆ: ಯಾವ ಮಾದರಿಯಿಂದ ಅಳತೆಗಳನ್ನು ಹುಟ್ಟಿಸಿದಿರೋ ಅದೇ ಮಾದರಿಯಿಂದ ಚಿತ್ರ ಬಿಡಿಸಿ, ಆಹಾ ಎಷ್ಟು ನಿಖರ ಎಂದುಕೊಳ್ಳುವುದು. ಪ್ರಶ್ನೆಪತ್ರಿಕೆ ಬರೆದವನೇ ಪರೀಕ್ಷೆಗೆ ಕೂತ ಹಾಗೆ. ಎರಡು ಮಿಲಿಮೀಟರ್ ಜಾರಿದ ಬೋಲ್ಟು ಆ ಪ್ರಶ್ನೆಪತ್ರಿಕೆಯಲ್ಲಿ ಇರುವುದೇ ಇಲ್ಲ. ಬರಿ ವೃತ್ತಗಳನ್ನು ತೋರಿಸಿ ಬೆಳೆಸಿದ ನೆಟ್‌ವರ್ಕಿಗೆ ತ್ರಿಕೋನ ಎದುರಾದರೆ ಅದೂ ವೃತ್ತವಾಗಿಯೇ ಕಾಣುವ ಸಾಧ್ಯತೆ ಹೆಚ್ಚು, ಅಂಚು ಮಾತ್ರ ಬಹಳ ಚೂಪು. ಹಳೆಯ ಮಸುಕು ಚಿತ್ರ ತನಗೆ ಗೊತ್ತಿಲ್ಲದ್ದನ್ನು ಮಸುಕಿನಿಂದಲೇ ಒಪ್ಪಿಕೊಳ್ಳುತ್ತಿತ್ತು. ಹೊಸದಕ್ಕೆ ಆ ಸಂಕೋಚವೂ ಇಲ್ಲ.

ಈ ದೃಷ್ಟಿಯಿಂದ 2023ರಲ್ಲಿ ಫಿನ್‌ಲೆಂಡಿನ ಕುಯೋಪಿಯೊದವರು ಮಾಡಿದ ಸ್ಪರ್ಧೆ ಸರಿಯಾದ ದಾರಿಯಲ್ಲಿತ್ತು. ನಿಜವಾದ ನೀರಿನ ತೊಟ್ಟಿ, 32 ಎಲೆಕ್ಟ್ರೋಡು, ಒಳಗೆ ಕರೆಂಟು ಹರಿಸುವ ಮತ್ತು ಹರಿಸದ ವಸ್ತುಗಳು. ಆಡುವವರಿಗೆ ಅಳತೆ ಮಾತ್ರ ಕೊಟ್ಟು ವಸ್ತುಗಳ ಆಕಾರ ಕೇಳಿದರು. ಮುಂದಿನ ಹಂತಕ್ಕೆ ಹೋದಂತೆ ಒಂದಷ್ಟು ಎಲೆಕ್ಟ್ರೋಡುಗಳ ಅಳತೆಗಳನ್ನು ಕಿತ್ತುಕೊಳ್ಳುತ್ತ ಹೋದರು. ಕಾಣದ ಕಡೆಯನ್ನು ಊಹಿಸುವಾಗ ಯಾರ ಅಲ್ಗಾರಿದಮ್ ಎಲ್ಲಿ ಕಟ್ಟುಕತೆ ಹೇಳಲು ಶುರುಮಾಡುತ್ತದೆ ಎಂದು ಇಂಥ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆದರೂ ಅದು ನಿಂತ ನೀರು, ಸ್ವಚ್ಛ ಎಲೆಕ್ಟ್ರೋಡು. ಹರಿಯುವ ರಾಡಿಯ ಪೈಪು ಇನ್ನೊಂದು ಲೋಕ.

ಬಕೆಟ್ಟಿನ 208 ಅಳತೆಗಳಲ್ಲಿ ಅರ್ಧ ಹೊಸದಲ್ಲ ಎಂದೆನಲ್ಲ, ಅವು ಜೋಡಿ ಅದಲುಬದಲಾದ ಅವಳಿಗಳು; ವೇಗ ಬೇಕೆಂದು ಹೆಚ್ಚಿನವರು ಆ ಅವಳಿಯನ್ನು ಅಳೆಯುವುದೇ ಇಲ್ಲ. ಒಮ್ಮೆಯಾದರೂ ಅಳೆದರೆ ಲಾಭವಿದೆ: ಅವಳಿಗಳೆರಡೂ ಒಂದೇ ಸಂಖ್ಯೆ ಹೇಳಬೇಕು, ಎಷ್ಟು ಬೇರೆ ಹೇಳುತ್ತವೋ ಅಷ್ಟಂತೂ ನಿಮ್ಮ ಉಪಕರಣದ ಸುಳ್ಳು. ಪ್ರಬಂಧದ ಚೆಂದದ ಚಿತ್ರಗಳ ಪಕ್ಕದಲ್ಲಿ ನಾನು ಹುಡುಕುವುದು ಆ ಸಂಖ್ಯೆಯನ್ನು. ಜೊತೆಗೆ ಇನ್ನೊಂದು ಚಿತ್ರವನ್ನು: ರೆಫರೆನ್ಸ್ ತೆಗೆದು ಎರಡು ಗಂಟೆ ಬಿಟ್ಟು, ಒಳಗೆ ಏನನ್ನೂ ಇಡದೆ, ಬರಿ ನೀರಿನದೇ ತೆಗೆದ ಚಿತ್ರ. ಅದರಲ್ಲಿ ಏನೂ ಕಾಣಬಾರದು. ಅಚ್ಚಾದದ್ದು ಕಡಿಮೆ.